ಗಡಿನಾಡಿನ ಅಶ್ವಾರೋಹಿ: ಮೆಡೋಸ್ ಟೇಲರ್

ನಿಜಲಿಂಗಪ್ಪ ಬಡಾವಣೆಯಲ್ಲಿ ಮುಂಜಾನೆ ಮನೆಮನೆಗೆ ಪತ್ರಿಕೆ ಹಾಕುವುದು ಮೂರು ವರ್ಷಗಳಿಂದ ನನ್ನ ಕಸುಬು. ಕಾಲೇಜಿನ ಶುಲ್ಕಕ್ಕೂ ಪುಸ್ತಕಕ್ಕೂ ಅದೇ ಆಧಾರ. ಆ ಬಡಾವಣೆಯ ಒಂದು ಮನೆಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರಿದ್ದಾರೆ. ನಾನು ಬಿ.ಎ. ಮುಗಿಸಿ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಕೂರಲಿರುವ ಸಂಗತಿಯನ್ನು ತಿಳಿದ ಅವರು ಒಂದು ದಿನ ನನ್ನನ್ನು ಒಳಗೆ ಕರೆದು, ಕಾಫಿ ಕೊಟ್ಟು, ರಟ್ಟು ಸಡಿಲಾದ ಇಂಗ್ಲಿಷ್ ಪುಸ್ತಕವೊಂದನ್ನು ಕೈಗಿತ್ತರು. ಅದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಅವನ ಮಗಳ ಸಂಪಾದಕತ್ವದಲ್ಲಿ ಹೊರಬಂದ ಗ್ರಂಥ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಗ್ಲಿಷ್ ನನಗೆ ಇಂದಿಗೂ ಏರುದಾರಿಯೇ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಆ ಪುಸ್ತಕವನ್ನು ಮುಗಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಇದನ್ನು ಇಷ್ಟು ಹಟ ಹಿಡಿದು ಓದಿದ್ದಕ್ಕೆ ಒಂದು ಕಾರಣವುಂಟು. ಅದನ್ನು ಮರೆಮಾಚದೆ ಹೇಳಿಬಿಡುತ್ತೇನೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಓಣಿಯಲ್ಲಿ ಯಾರದೋ ಬೈಕು ಕಳುವಾಯಿತು. ಹಮಾಲಿ ಮಾಡಿ ದಣಿದು ಮಲಗಿದ್ದ ನನ್ನ ತಂದೆಯನ್ನು ಪೊಲೀಸರು ರಾತ್ರಿ ಎಬ್ಬಿಸಿ ಕರೆದೊಯ್ದರು. ಬೆಳಗಾದ ಮೇಲೆ ಬಿಟ್ಟು ಕಳುಹಿಸಿದರು. ಏಕೆ ಕರೆದರೆಂದೂ ಹೇಳಲಿಲ್ಲ, ಏಕೆ ಬಿಟ್ಟರೆಂದೂ ಹೇಳಲಿಲ್ಲ. ಆ ರಾತ್ರಿಯ ಮಾತನ್ನು ಅಪ್ಪ ಇಂದಿನವರೆಗೂ ಎತ್ತಿಲ್ಲ. ನಾನು ಪೊಲೀಸ್ ಪರೀಕ್ಷೆಗೆ ಅರ್ಜಿ ಹಾಕಿದ ದಿನ ಅವರು ಬೇಡವೆನ್ನಲಿಲ್ಲ, ಸಂತೋಷವನ್ನೂ ತೋರಲಿಲ್ಲ. ಊಟ ಮುಗಿಸಿ ಎದ್ದು ಹೊರಗೆ ಹೋಗಿ ಕುಳಿತರು. ಪೊಲೀಸಿನವನು ಜನರಿಗೆ ಬೇಕಾದವನಾಗಿ ಇರಲು ಸಾಧ್ಯವೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಟೇಲರನ ಜೀವನವನ್ನು ಈ ಪ್ರಶ್ನೆಯೊಡನೆಯೇ ನಾನು ಓದಿದೆನಾದ್ದರಿಂದ, ವಾಚಕರ ಮುಂದೆಯೂ ಅದರೊಡನೆಯೇ ಇಡುತ್ತಿದ್ದೇನೆ.

ಟೇಲರನು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ಹುಡುಗನಿಗೆ ಹದಿನೈದು ವರ್ಷವಾಗಿದ್ದಾಗಲೇ ಓದು ನಿಂತುಹೋಗಿ, 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಗುಮಾಸ್ತೆಯಾಗಲು ಅವನು ಹಡಗು ಹತ್ತಬೇಕಾಯಿತು. ಇಲ್ಲಿಗೆ ಬಂದು ನೋಡಿದರೆ ಆ ವರ್ತಕನ ವ್ಯವಹಾರವೇ ಕುಸಿಯುವ ಸ್ಥಿತಿಯಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದ ಬಂಧುವೊಬ್ಬನ ಸಹಾಯದಿಂದ ಅವನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಒಂದು ಸಣ್ಣ ಅಧಿಕಾರ ದೊರೆಯಿತು. ಹೀಗೆ ಪರದೇಶದ ಹುಡುಗನೊಬ್ಬನು ಹದಿನಾರನೆಯ ವಯಸ್ಸಿನಲ್ಲಿ ದಖ್ಖನಿನ ಎರೆಭೂಮಿಗೆ ಬಂದಿಳಿದನು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಕಂಪನಿ ಸರ್ಕಾರದ ದೊಡ್ಡ ಅಧಿಕಾರಿಗಳು ಇಂಗ್ಲೆಂಡಿನಲ್ಲಿ ಅದಕ್ಕೆಂದೇ ಇದ್ದ ಕಾಲೇಜಿನಲ್ಲಿ ಕಲಿತು, ಕರಾರುಪತ್ರಕ್ಕೆ ಸಹಿ ಹಾಕಿ ಬರುತ್ತಿದ್ದರು. ಟೇಲರನಿಗೆ ಆ ಭಾಗ್ಯವಿರಲಿಲ್ಲ. ಆದುದರಿಂದ ಸಂಬಳದಲ್ಲಿಯೂ ಬಡ್ತಿಯಲ್ಲಿಯೂ ಅವನು ಕೊನೆಯವರೆಗೆ ಅವರಿಗಿಂತ ಕೆಳಗೇ ಉಳಿದನು. ಆದರೆ ಕಲಿಯುವ ಹಸಿವು ಅವನಿಗೆ ಅಪಾರವಾಗಿತ್ತು. ಹಿಂದೂಸ್ತಾನಿ, ಪಾರ್ಸಿ, ಮರಾಠಿಗಳನ್ನು ಕಲಿತನು. ಭೂಮಾಪನ, ಕಾಯಿದೆ, ಭೂವಿಜ್ಞಾನ, ಚಿತ್ರಕಲೆ ಇವೆಲ್ಲವನ್ನೂ ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಸಾಧಿಸಿದನು. ಕಾಲೇಜಿಲ್ಲದೆಯೇ ಇಷ್ಟು ಕಲಿತವನ ಕಥೆಯನ್ನು ಓದುವಾಗ, ಕಾಲೇಜಿನೊಳಗಿದ್ದೂ ಕಾಲ ಕಳೆಯುವ ನಮ್ಮಂಥವರಿಗೆ ನಾಚಿಕೆಯಾಗದಿರದು.

ಸುಮಾರು ಹದಿನೆಂಟನೆಯ ವಯಸ್ಸಿಗೆ ಅವನನ್ನು ನಿಜಾಮ ಸೀಮೆಯ ನೈಋತ್ಯ ಭಾಗದ ಸಹಾಯಕ ಪೊಲೀಸ್ ಸೂಪರಿಂಟೆಂಡೆಂಟನನ್ನಾಗಿ ನೇಮಿಸಿದರು. ಸದಾಶಿವಪೇಟೆ ಅವನ ಮುಖ್ಯಠಾಣ್ಯ. ಅದು ಈಗ ತೆಲಂಗಾಣದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ತುಳಜಾಪುರದ ಕಡೆಗೂ ದಕ್ಷಿಣಕ್ಕೆ ಭೀಮಾ ನದಿಯ ಕಡೆಗೂ ಹರಡಿದ್ದ ಆ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ರಾಜ್ಯಗಳೂ ಹಾಗೆಯೇ. ಒಂದು ಹಳ್ಳಿ ನಿಜಾಮನದಾದರೆ ಪಕ್ಕದ್ದು ಜಹಗೀರುದಾರನದು, ಮತ್ತೂ ಆಚೆಯದು ಕಂಪನಿಯ ಸೊಲ್ಲಾಪುರ ಪ್ರಾಂತಕ್ಕೆ ಸೇರಿದ್ದು. ಒಂದು ಸೀಮೆಯಲ್ಲಿ ಕೊಳ್ಳೆ ಹೊಡೆದವನು ರಾತ್ರೋರಾತ್ರಿ ಗಡಿ ದಾಟಿದರೆ ಅವನನ್ನು ಕೇಳುವವರೇ ಇರುತ್ತಿರಲಿಲ್ಲ. ಸಂಬಳ ಬಾಕಿ ಬಿದ್ದ ಅರಬರು ಮತ್ತು ರೋಹಿಲರ ತಂಡಗಳು ಜನರಿಗೆ ಮತ್ತೊಂದು ಪೀಡೆಯಾಗಿದ್ದವು.

ಅಂದಿನ ಗಸ್ತು ಎಂಥದಿದ್ದಿತೆಂಬುದನ್ನು ನಾವೀಗ ಊಹಿಸಿಕೊಳ್ಳಬೇಕು. ಭಾರತದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದೇ 1853ರಲ್ಲಿ. ಟೇಲರನ ಕಾಲಕ್ಕೆ ತಂತಿಯೂ ಇಲ್ಲ, ಸರಿಯಾದ ರಸ್ತೆಯೂ ಇಲ್ಲ. ಮಳೆಗಾಲದಲ್ಲಿ ಎರೆಮಣ್ಣು ಕುದುರೆಯ ಗೊರಸನ್ನು ಹಿಡಿದು ಬಿಡುವುದಿಲ್ಲ. ಬೇಸಗೆಯಲ್ಲಿ ಅದೇ ನೆಲ ಮೊಣಕೈ ಹೋಗುವಷ್ಟು ಬಿರುಕು ಬಿಟ್ಟು ಕುದುರೆಯ ಕಾಲು ಮುರಿಯುತ್ತದೆ. ಅಂಥ ನೆಲದಲ್ಲಿ ಕೆಲವೇ ಸವಾರರೊಡನೆ ಊರಿಂದೂರಿಗೆ ಹೋಗಬೇಕು. ಸಂಜೆ ಊರ ಹೊರಗಿನ ಮಾವಿನ ತೋಪಿನಲ್ಲಿ ಡೇರೆ ಹಾಕಿ, ಕುದುರೆಗೆ ಹುರುಳಿ ಕಟ್ಟಿಸಿ, ಪಟೇಲ, ಕುಲಕರ್ಣಿ, ತಳವಾರರನ್ನು ಕರೆದು ಸಮಾಚಾರ ಕೇಳಬೇಕು. ಯಾವ ಹಳ್ಳಿಯಲ್ಲಿ ಎಷ್ಟು ದನ ಹೋದವು, ಹೆಜ್ಜೆ ಯಾವ ದಿಕ್ಕಿಗೆ ಸಾಗಿದೆ ಎಂಬುದನ್ನು ಹೇಳಬಲ್ಲವನು ತಳವಾರನೊಬ್ಬನೇ. ಅವನು ಬಾಯಿ ಬಿಡದಿದ್ದರೆ ಎಷ್ಟು ಸವಾರರಿದ್ದೂ ಪ್ರಯೋಜನವಿಲ್ಲ. ಹೀಗಾಗಿ ಜನರ ನಂಬಿಕೆಯನ್ನು ಗಳಿಸುವುದು ಅಂದಿನ ಪೊಲೀಸಿನವನಿಗೆ ಸೌಜನ್ಯದ ವಿಷಯ ಮಾತ್ರವಾಗಿರಲಿಲ್ಲ, ಕೆಲಸದ ಮೊದಲ ಸಾಧನವೇ ಅದಾಗಿತ್ತು. ದುಭಾಷಿಯ ನೆರವಿಲ್ಲದೆ ಜನರೊಡನೆ ತಾನೇ ಮಾತಾಡುತ್ತಿದ್ದ ಟೇಲರನಿಗೆ ಈ ಸತ್ಯ ಬಹು ಬೇಗ ತಿಳಿಯಿತು.

ಆ ದಿನಗಳಲ್ಲಿ ಅವನ ಸೀಮೆಯ ದಾರಿಗಳ ಬದಿಯಲ್ಲಿ ಕತ್ತು ಬಿಗಿದು ಕೊಂದ ಪ್ರಯಾಣಿಕರ ಹೆಣಗಳು ಆಗಾಗ ಸಿಕ್ಕುತ್ತಿದ್ದವು. ಸತ್ತವರು ದೂರದೇಶದವರಾದ್ದರಿಂದ ಊರಿನವರಾರೂ ದೂರು ಕೊಡುತ್ತಿರಲಿಲ್ಲ. ಇದರ ಹಿಂದೆ ಒಂದೇ ಬಗೆಯ ಕೈಗಳಿವೆಯೆಂಬ ಸಂಶಯ ಟೇಲರನಿಗೆ ಬಂದು, ಗುಟ್ಟಾಗಿ ತನಿಖೆ ಆರಂಭಿಸಿದನು. ಅಷ್ಟರಲ್ಲಿಯೇ, 1829ರಲ್ಲಿ, ಪೊಲೀಸ್ ಕೆಲಸ ಬಿಟ್ಟು ಮರಳಿ ತನ್ನ ದಂಡಿಗೆ ಸೇರಬೇಕೆಂದು ಆಜ್ಞೆಯಾಯಿತು. ಮುಂದೆ ಮಧ್ಯಭಾರತದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಠಗ್ಗರ ಜಾಲವನ್ನು ಬಯಲಿಗೆಳೆದು ಕೀರ್ತಿವಂತನಾದನು. ತನ್ನ ಕೈಗೆ ಬಂದಿದ್ದ ಎಳೆ ತಪ್ಪಿಹೋದ ದುಃಖ ಟೇಲರನನ್ನು ಬಹುಕಾಲ ಬಾಧಿಸಿತು. ಆಮೇಲೆ ಹೈದರಾಬಾದಿನಲ್ಲಿ ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸದಲ್ಲಿ ಅವನೂ ಪಾಲುಗೊಂಡನು. ಆ ಅನುಭವದಿಂದ ಹುಟ್ಟಿದ್ದೇ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿರುವ ಅವನ ಮೊದಲ ಕಾದಂಬರಿ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಅದು ಪ್ರಕಟವಾಯಿತು. ವಿಕ್ಟೋರಿಯಾ ರಾಣಿಯು ಅದರ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂದು ಪ್ರಸಿದ್ಧಿ. ಠಗ್ಗರ ಸಂಖ್ಯೆಯನ್ನೂ ಸಂಘಟನೆಯನ್ನೂ ಕಂಪನಿಯವರು ಹಿಗ್ಗಿಸಿ ಹೇಳಿದರೆಂದು ಇತ್ತೀಚಿನ ಅನೇಕ ಇತಿಹಾಸಕಾರರ ಅಭಿಪ್ರಾಯ. ಆದುದರಿಂದ ಆ ಗ್ರಂಥವನ್ನು ಕಾದಂಬರಿಯೆಂದೇ ಓದುವುದು ಕ್ಷೇಮ.

ಟೇಲರನ ಸಂಸಾರದ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. 1832ರಲ್ಲಿ ಅವನು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ವರಿಸಿದನು. ಪಾಮರನ ತಾಯಿ ಭಾರತೀಯ ಮುಸ್ಲಿಂ ಮನೆತನದ ಬೇಗಂ. ಮೇರಿ 1844ರಲ್ಲಿ ತೀರಿಕೊಂಡಳು. ಅವನು ಉಳಿದ ಆಯುಷ್ಯವನ್ನೆಲ್ಲ ಕೆಲಸದಲ್ಲಿಯೂ ಬರವಣಿಗೆಯಲ್ಲಿಯೂ ಕಳೆದನು.

ಇನ್ನು ಸುರಪುರದ ಅಧ್ಯಾಯ. ಟೇಲರನ ಹೆಸರು ಕನ್ನಡನಾಡಿನಲ್ಲಿ ಉಳಿದಿರುವುದು ಇದರಿಂದಲೇ. ಕೃಷ್ಣಾ ಭೀಮಾ ನದಿಗಳ ನಡುವೆ, ಬಂಡೆಗಲ್ಲಿನ ಗುಡ್ಡಗಳು ಸುತ್ತುವರಿದ ಸುರಪುರವು ಬೇಡ ನಾಯಕ ಅರಸರ ರಾಜಧಾನಿ. ನಮ್ಮ ಚಿತ್ರದುರ್ಗದ ಪಾಳೆಯಗಾರರಂತೆ ಇವರೂ ಶೂರರು. 1705ರಲ್ಲಿ ಇವರ ವಾಗಿಣಗೇರಿ ಕೋಟೆಯನ್ನು ಹಿಡಿಯಲು ವೃದ್ಧ ಔರಂಗಜೇಬನೇ ಸ್ವತಃ ಬಂದು ಮುತ್ತಿಗೆ ಹಾಕಬೇಕಾಯಿತು. 1841ರ ಹೊತ್ತಿಗೆ ಆ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ರಾಜ ಕೃಷ್ಣಪ್ಪನಾಯಕನು ತೀರಿಕೊಂಡಿದ್ದನು. ಅವನ ಮಗ ವೆಂಕಟಪ್ಪನಾಯಕ ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮನಿಗೂ ರಾಜನ ಚಿಕ್ಕಪ್ಪನಾದ ಪಿಡ್ಡನಾಯಕನಿಗೂ ಅಧಿಕಾರಕ್ಕಾಗಿ ಕಲಹ ನಡೆದಿತ್ತು; ಬೇಡ ಪಡೆಗಳು ಆಯುಧ ಹಿಡಿದು ಕಾದಿದ್ದವು. ಈ ಸಂದರ್ಭದಲ್ಲಿ ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಸರನು ಟೇಲರನನ್ನು ಅಲ್ಲಿಗೆ ಕಳುಹಿಸಿದನು.

ಅವನು ಅಲ್ಲಿ ಹನ್ನೆರಡು ವರ್ಷ, ಅಂದರೆ 1853ರವರೆಗೆ ಇದ್ದನು. ಬೇಡರನ್ನು ಬಲದಿಂದ ಚದುರಿಸಲು ಹೊರಡದೆ, ಅವರ ನಾಯಕರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿ ಒಪ್ಪಿಸಿದನು. ಕಂದಾಯದ ಲೆಕ್ಕವನ್ನು ಸರಿಪಡಿಸಿದನು. ಸುರಪುರದ ಸಮೀಪದ ಬೋನಾಳ ಕೆರೆಯ ಕೆಲಸವನ್ನು ಕೈಗೆತ್ತಿಕೊಂಡನು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಪಕ್ಷಿಧಾಮವಾಗಿ ಆ ಕೆರೆ ಈಗ ಹೆಸರಾಗಿದೆ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆಗೆ ಟೇಲರ್ ಮಂಜಿಲ್ ಎಂದೇ ಹೆಸರು. ಕುದುರೆಯ ಮೇಲೆ ಸೀಮೆ ಸುತ್ತುವಾಗ ರಾಜನಕೋಳೂರು, ವಿಭೂತಿಹಳ್ಳಿ ಮೊದಲಾದ ಕಡೆ ಸಾಲುಗಲ್ಲುಗಳನ್ನೂ ಕಲ್ಲಿನ ಗೋರಿಗಳನ್ನೂ ಕಂಡು, ಕೆಲವನ್ನು ಅಗೆಯಿಸಿ, ಪದರ ಪದರವಾಗಿ ನಕ್ಷೆ ಬರೆದಿಟ್ಟನು. ದಕ್ಷಿಣ ಭಾರತದ ಬೃಹತ್ ಶಿಲಾಸಂಸ್ಕೃತಿಯ ಅಧ್ಯಯನಕ್ಕೆ ಕ್ರಮಬದ್ಧವಾದ ಆರಂಭವಾದದ್ದು ಈ ಕೆಲಸದಿಂದಲೇ ಎಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಕಳ್ಳರ ಹೆಜ್ಜೆಯನ್ನು ಹುಡುಕಿ ಅಭ್ಯಾಸವಾದ ಕಣ್ಣಿಗೆ ಸಾವಿರಾರು ವರ್ಷ ಹಿಂದಿನವರ ಹೆಜ್ಜೆಯೂ ಕಂಡಿತೆಂದು ನನಗನ್ನಿಸುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಬಾಲರಾಜನ ವಿಷಯ. ತಂದೆಯಿಲ್ಲದ ವೆಂಕಟಪ್ಪನಾಯಕನು ಟೇಲರನ ಕಣ್ಣಮುಂದೆಯೇ ಬೆಳೆದನು. ಅವನ ವಿದ್ಯಾಭ್ಯಾಸವೂ ಅವನ ರಾಜ್ಯವೂ ಟೇಲರನ ಹೊಣೆಯಾಗಿದ್ದವು. ಆ ಹುಡುಗ ಟೇಲರನನ್ನು ಅಪ್ಪ ಎಂದು ಕರೆಯುತ್ತಿದ್ದನು. ಬಂದೂಕು ಹಿಡಿದ ಕುದುರೆ ಸವಾರರೊಡನೆ ಬಂದ ಪರಕೀಯ ಅಧಿಕಾರಿಯನ್ನು ಒಂದು ಮಗು ಅಪ್ಪ ಎಂದು ಕರೆಯುವುದೆಂದರೆ ಏನು ಸಾಮಾನ್ಯವೇ? ಈ ಪುಟವನ್ನು ಓದಿದ ರಾತ್ರಿ ನಮ್ಮಪ್ಪನನ್ನು ಕರೆದೊಯ್ದವರ ಮುಖಗಳು ನನಗೆ ನೆನಪಾದವು. ಅವರಲ್ಲಿ ಒಬ್ಬನಾದರೂ ಅಪ್ಪನನ್ನು ಹೆಸರು ಹಿಡಿದು ಕರೆದಿದ್ದರೆ ಸಾಕಾಗಿತ್ತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1853ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಆಡಳಿತವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. 1857ರ ಮಹಾಸಂಗ್ರಾಮದ ಕಾಲದಲ್ಲಿ ಅವನನ್ನು ಬೇರಾರಿನ ಬುಲಢಾಣಕ್ಕೆ ಕಳುಹಿಸಿದರು. ಹೇಳಿಕೊಳ್ಳುವಂಥ ಸೈನ್ಯವೇ ಇಲ್ಲದ ಆ ಜಿಲ್ಲೆ ಅವನಿದ್ದ ಕಾಲದಲ್ಲಿ ಶಾಂತವಾಗಿಯೇ ಇದ್ದಿತು. ಇತ್ತ ಸುರಪುರದಲ್ಲಿ ಇಪ್ಪತ್ತನಾಲ್ಕರ ಹರೆಯದ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಎದ್ದನು. 1858ರ ಫೆಬ್ರುವರಿಯಲ್ಲಿ ಸುರಪುರದ ಹೊರಗೆ ಕಾಳಗ ನಡೆದು ಕ್ಯಾಪ್ಟನ್ ನ್ಯೂಬೆರಿ ಹತನಾದನು. ಹೆಚ್ಚಿನ ದಂಡು ಬರುವುದನ್ನು ತಿಳಿದು ರಾಜನು ಹೈದರಾಬಾದಿಗೆ ಹೋದನು. ಅಲ್ಲಿ ನಿಜಾಮನ ಮಂತ್ರಿ ಸಾಲಾರ್ ಜಂಗನು ಅವನನ್ನು ಹಿಡಿಸಿ ಬ್ರಿಟಿಷರಿಗೆ ಒಪ್ಪಿಸಿದನು.

ಸೆರೆಮನೆಯಲ್ಲಿದ್ದ ರಾಜನನ್ನು ಟೇಲರನು ಹೋಗಿ ಕಂಡನು. ಅಪ್ಪನೆಂದು ಕರೆದಿದ್ದವನನ್ನು ತಬ್ಬಿಕೊಂಡು ಆ ತರುಣನು ಅತ್ತನು. ಮೊದಲು ಮರಣದಂಡನೆಯೆಂದು ತೀರ್ಪಾಯಿತು. ಅದು ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್‌ಪಟ್ಟಿಗೆ ಕರೆದೊಯ್ಯುತ್ತಿದ್ದಾಗ, ದಾರಿಯ ಬಿಡಾರವೊಂದರಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ತಾನೇ ಹೊಡೆದುಕೊಂಡನೆಂದು ಅಧಿಕಾರಿಗಳು ವರದಿ ಮಾಡಿದರು. ಟೇಲರನೂ ಹಾಗೆಯೇ ಬರೆದನು. ಆ ವರದಿಯನ್ನು ನಂಬದವರು ನಮ್ಮ ನಾಡಿನಲ್ಲಿದ್ದಾರೆ. ರಾಜನು ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಅವನ ಜಾತಕದಲ್ಲಿ ಮೊದಲೇ ಬರೆದಿತ್ತೆಂಬ ವೃತ್ತಾಂತವನ್ನು ಟೇಲರನು ದಾಖಲಿಸಿದ್ದಾನೆ. ಗ್ರಹಗತಿಯನ್ನು ನಾನರಿಯೆ. ಆದರೆ ಆ ಕಾಲದ ರಾಜಕೀಯವನ್ನು ಬಲ್ಲವರಿಗೆ ಈ ಅಂತ್ಯವನ್ನು ತಿಳಿಯಲು ಜಾತಕ ಬೇಕಾಗಿರಲಿಲ್ಲ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಟೇಲರನು ಹನ್ನೆರಡು ವರ್ಷ ಕಾಪಾಡಿದ ರಾಜ್ಯ ಹೀಗೆ ಅಳಿಸಿಹೋಯಿತು.

ಅದೇ ವರ್ಷ ಅವನು ನಿವೃತ್ತನಾಗಿ ಸ್ವದೇಶಕ್ಕೆ ಮರಳಿ ಕಾದಂಬರಿಗಳನ್ನು ಬರೆದನು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳ ಛಾಯಾಚಿತ್ರಗಳ ದೊಡ್ಡ ಗ್ರಂಥಕ್ಕೆ ಇತಿಹಾಸ ಭಾಗವನ್ನು ಬರೆದುಕೊಟ್ಟನು. ಮುಪ್ಪಿನಲ್ಲಿ ಕಣ್ಣು ಮಂಜಾಯಿತು. ಆದರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬಲ್ಲಿ ಅಸುನೀಗಿದನು.

ಇಂಥವನನ್ನು ನಾವು ಹೇಗೆ ಅಳೆಯಬೇಕು? ಅವನು ಒಳ್ಳೆಯವನೆಂಬುದಕ್ಕೆ ಬಹುಪಾಲು ಸಾಕ್ಷಿ ಅವನ ಪುಸ್ತಕವೇ. ರಾಣಿ ಈಶ್ವರಮ್ಮನಾಗಲಿ, ಬೇಡ ಪಡೆಯ ಒಬ್ಬ ಯೋಧನಾಗಲಿ ತಮ್ಮ ಕಥೆಯನ್ನು ಬರೆದಿಡಲಿಲ್ಲ. ಅದನ್ನು ಮರೆಯದೆಯೂ ನಾನು ಇಷ್ಟು ಹೇಳಬಲ್ಲೆ. ಜನರ ಮಾತನ್ನು ಕಲಿತದ್ದರಿಂದ, ಅವರ ಊರಿನಲ್ಲಿ ಇಳಿದು ಕುಳಿತದ್ದರಿಂದ ಅವನು ಅವರಿಗೆ ಬೇಕಾದವನಾದನು. ಆದರೆ ಅವನಿಗೆ ಸಂಬಳ ಕೊಡುತ್ತಿದ್ದ ಅಧಿಕಾರ ಆ ಜನರದಾಗಿರಲಿಲ್ಲ. ಆಪತ್ತಿನ ದಿನ ಬಂದಾಗ ಅವನ ಪ್ರೀತಿ ಸೆರೆಮನೆಯ ಬಾಗಿಲವರೆಗೆ ಬಂದಿತು, ಒಳಗಿದ್ದವನನ್ನು ಹೊರಗೆ ತರಲು ಅದಕ್ಕೆ ಶಕ್ತಿಯಿರಲಿಲ್ಲ. ಒಬ್ಬ ಅಧಿಕಾರಿಯ ಒಳ್ಳೆಯತನ ಎಷ್ಟು ದೂರ ಹೋಗಬಲ್ಲದು, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಅವನ ಜೀವನ ನನಗೆ ಕಲಿಸಿತು.

ಅವನು ಕಾವಲು ಕಾದ ಗಡಿಗಳು ಇಂದಿಲ್ಲ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ನಿಜಾಮ ಸೀಮೆಯ ಸುರಪುರವೂ ಮೈಸೂರು ಸೀಮೆಯ ನಮ್ಮ ದಾವಣಗೆರೆಯೂ ಒಂದೇ ರಾಜ್ಯಕ್ಕೆ ಸೇರಿದವು. ನಮ್ಮ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತವೆಂಬ ಮಾತೂ ಕಥೆಯಾಯಿತು. ಹಾಗೆ ಒಂದಾದ ನಾಡಿನ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು, ನಾನು ದಿನವೂ ಸೈಕಲ್ ತುಳಿಯುವ ಬಡಾವಣೆಗೆ ಅವರದೇ ಹೆಸರು. ಪೊಲೀಸರ ಕುದುರೆಗಳನ್ನು ಈಗ ನಾವು ನೋಡುವುದು ಹೆಚ್ಚಾಗಿ ಮೈಸೂರು ದಸರೆಯ ಮೆರವಣಿಗೆಯಲ್ಲಿ. ಕುದುರೆಯ ಜಾಗಕ್ಕೆ ಜೀಪು ಬಂದಿದೆ. ಅಧಿಕಾರವೂ ಬೇರೆಯವರದಲ್ಲ, ನಮ್ಮ ಮತದಿಂದ ಆದದ್ದು. ಟೇಲರನಿಗಿದ್ದ ದೊಡ್ಡ ಅಡ್ಡಿ ನಮಗಿಲ್ಲ. ಹೀಗಿದ್ದೂ ಓಣಿಯಲ್ಲಿ ಜೀಪು ನಿಂತರೆ ಬಡವನ ಎದೆ ನಡುಗುವುದಾದರೆ ಅದಕ್ಕೆ ಯಾವ ಪರಕೀಯನನ್ನು ದೂರೋಣ?

ಪುಸ್ತಕವನ್ನು ಹಿಂದಿರುಗಿಸಿದ ದಿನ ಸಂಜೆ ಮನೆಯಲ್ಲಿ ಅಪ್ಪನಿಗೆ ಸುರಪುರದ ಕಥೆಯನ್ನು ಹೇಳಿದೆ. ಅವರು ಓದಿದವರಲ್ಲ, ಆದರೆ ಕಿವಿಗೊಟ್ಟು ಕೇಳಿದರು. ಕೊನೆಗೆ ಆ ಸಾಹೇಬನು ರಾಜನ ಮಗನನ್ನು ನೋಡಿಕೊಂಡದ್ದು ಸರಿ, ಕೂಲಿಯವರನ್ನು ಹೇಗೆ ಮಾತಾಡಿಸುತ್ತಿದ್ದನೆಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿರಲಿಲ್ಲ. ಪರೀಕ್ಷೆಯಲ್ಲಿ ಉತ್ತೀರ್ಣನಾಗುವೆನೋ ಇಲ್ಲವೋ ದೈವಕ್ಕೆ ಗೊತ್ತು. ಆದರೆ ಆ ಕೆಲಸ ನನಗೆ ದಕ್ಕಿದರೆ, ರಾತ್ರಿ ಯಾರ ಬಾಗಿಲನ್ನೇ ತಟ್ಟಬೇಕಾಗಿ ಬಂದರೂ ಮೊದಲು ಹೆಸರು ಕೇಳುತ್ತೇನೆ, ಬಂದ ಕಾರಣ ಹೇಳುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಗುರುಗಳ ಮತ್ತು ಸಹಪಾಠಿಗಳ ಮುಂದೆ ಅದನ್ನಿಲ್ಲಿ ಬರೆದಿಟ್ಟಿರುವುದು, ಮುಂದೊಂದು ದಿನ ನಾನು ಮರೆತರೆ ನೀವು ನೆನಪಿಸಲೆಂದು.